ಮೊಳಕೈ: ಅಳತಿ ಯಾರ ಕೈಯಿಂದು?

ಹೋದ ಸಲ ಬೀಸೂಕಲ್ಲಿನ ಬಗ್ಗೆ ಬರದಾಗ ಭಾಳ ಮಂದಿ ಫೋನ್ ಮಾಡಿ ತಮ್ಮ ತಮ್ಮ ತವರಮನಿ ಕಲ್ಲಿನ ಕಥಿ ಹೇಳಿದ್ರಿ. ಈ ಸಲ ಆ ಕಲ್ಲು ತಿರುವೋ ಕೈಗೇ ಬಂದೀನಿ. ಕೈಯಾಗಿಂದೂ ಒಂದ ಜಾಗಾ, ಮೊಳಕೈ.

ಮೊಳಕೈ ಅಂದ್ರ ಏನಂತ ಹೇಳೂದು ಏನೈತಿ, ಕೈ ಮಡಚೋ ಜಾಗಾ, ಸಣ್ಣ ಕೂಸಿಗೂ ಗೊತ್ತೈತಿ ಅಂತೀರಿ. ಖರೆ. ಆದ್ರ ಆ ಶಬ್ದದಾಗ ನಮ್ಮ ಹಳೇ ಸಂತಿ, ನೇಕಾರರ ಮಗ್ಗ, ಸೀರಿ, ಹೂವು, ರಾಜರ ಕಾನೂನು ಎಲ್ಲಾ ಕುಂತಾವ. ಕುಂತು ನೋಡಿದ್ರ ಮಾತ್ರ ಕಾಣಸ್ತಾವ.

ನಮ್ಮ ಮಾತಿನಾಗ ಹೆಗಲಿನಿಂದ ಬೆರಳ ತುದಿ ಮಟ ಎಲ್ಲಾನೂ ಕೈನ. ಇಂಗ್ಲಿಷಿನಾಗ ಆರ್ಮ್ ಬ್ಯಾರೆ, ಹ್ಯಾಂಡ್ ಬ್ಯಾರೆ. ನಾವು ಹಂಗ ಎರಡು ಮಾಡಲಿಲ್ಲ; ಕೈ ಅನ್ನೂದನ್ನ ಹಂಗ ಇಟಗೊಂಡು ಅದರ ಮುಂದ ಒಂದೊಂದು ಗುರುತು ಹಚ್ಚಿದ್ವಿ. ಮುಂದಿನ ಕೈ ಮುಂಗೈ. ಒಳಗಿನ ಕೈ ಅಂಗೈ. ಮೊಳ ಹಾಕೋ ಕೈ ಮೊಳಕೈ. ಅಂದ್ರ ಆ ಕೀಲಿಗೆ ನಮ್ಮ ಹಿರ್ಯಾರು ಇಟ್ಟ ಹೆಸರಿನಾಗ "ಮಡಚೋದು" ಅನ್ನೂ ಅರ್ಥ ಇಲ್ಲ, "ಅಳಿಯೋದು" ಅನ್ನೂದು ಐತಿ. ಮೊಳಕೈ ತುದಿಯಿಂದ ನಡುಬೆರಳ ತುದಿ ಮಟ ಒಂದು ಮೊಳ. ಮೊಳದಿಂದ ಮೊಳಕೈ ಬಂತೋ, ಮೊಳಕೈಯಿಂದ ಮೊಳ ಬಂತೋ ಅಂತ ವಾದಾ ಮಾಡೂದು ತವರು ದೊಡ್ಡದೋ ಗಂಡನಮನಿ ದೊಡ್ಡದೋ ಅಂದಂಗ. ಎರಡೂ ಒಂದ ಬಳ್ಳಿ.

ಮೊಳಕಾಲೂ ಹಂಗ. ಅದಕ್ಯಾಕ ಮೊಳ ಬಂತು? ನಿಂತು ಅಂಗಾಲಿನಿಂದ ಮೊಳಕಾಲ ಮಟ ನಿಮ್ಮ ಕೈಲೆ ಅಳದು ನೋಡ್ರಿ, ಒಂದು ಮೊಳದ ಆಸುಪಾಸು ಬರತೈತಿ. ಕೈಯಾಗ ಒಂದು ಮೊಳ, ಕಾಲಾಗ ಒಂದು ಮೊಳ.

ನಮ್ಮ ಸಣ್ಣ ಸೊಸಿ ಬೆಂಗಳೂರು ಕಡಿಯಾಕಿ, ಅಕಿ ಮೊಣಕೈ ಅಂತಾಳ. ಬಂದ ಹೊಸತಾಗ ನಮ್ಮನಿಯಾಗ ಇದೊಂದು ನಗಿ. ಮೊಳಕೈ ಸರಿನೋ ಮೊಣಕೈ ಸರಿನೋ? ಎರಡೂ ಸರಿ, ನಿಘಂಟಿನಾಗ ಎರಡೂ ಅದಾವ. ಹಳಗನ್ನಡದಾಗ ಇದು ಮೊೞ. ಆ ೞ ಅನ್ನೂ ಅಕ್ಷರ ಈಗ ನಾವು ಬರಿಯೂದಿಲ್ಲ, ನಾಲಿಗಿ ಹಿಂದಕ್ಕ ಮಡಚಿ ಅನಬೇಕಿತ್ತು. 13ನೇ ಶತಮಾನದಾಗ ಕೇಶಿರಾಜ ಶಬ್ದಮಣಿದರ್ಪಣ ಬರದಾಗ ಯಾವ ಯಾವ ಶಬ್ದಕ್ಕ ಈ ೞ ಬರಬೇಕು ಅಂತ ಪಟ್ಟಿ ಕೊಟ್ಟಾನ. ಪಟ್ಟಿ ಕೊಡೂ ಹೊತ್ತು ಬಂತು ಅಂದ್ರ ಮಂದಿ ಆಗಲೇ ಮರೀಲಿಕ್ಕೆ ಹತ್ತಿದ್ರು ಅಂತ ನನ್ನ ಲೆಕ್ಕ. ಕಿರಾಣಿ ಚೀಟಿ ಬರಿಯೂದ ಮರೀತೀವಿ ಅಂತಲೇ ಅಲ್ಲೇನ್ರಿ? ತಮಿಳರು ಮಲಯಾಳದವರು ಆ ಅಕ್ಷರ ಬಿಟ್ಟಿಲ್ಲ, ಇವತ್ತಿಗೂ ಮುೞಂ ಅಂತಾರ. ತಮಿಳರಿಗೆ ಮೊಳಕೈ ಮುೞಂಗೈ, ಮೊಳಕಾಲು ಮುೞಂಗಾಲ್. ಮಲಯಾಳದಾಗ ಮಡಚೋ ಗಂಟಿಗೆ ಕೈಮುಟ್ಟು ಅಂತ ಬ್ಯಾರೆ ಹೆಸರು ಐತಿ. ತೆಲುಗಿನವರ ಮೊಳ ಮೂರ, ಮೊಳಕೈ ಮೋಚೇಯಿ, ಮೊಳಕಾಲು ಮೋಕಾಲು. ರಾಯಚೂರು ಬಳ್ಳಾರಿ ಕಡೆ ಕೊಟ್ಟ ಹೆಣ್ಣಮಕ್ಕಳಿಗೆ ಇದು ಹೇಳೂದು ಬ್ಯಾಡ, "ಮೂರ ಮಲ್ಲೆಪೂಲು" ಕೇಳಿ ಕೇಳಿ ಕಿವಿ ತುಂಬಿರತೈತಿ.

ಬೆಳಗಾವಿ ಕಡಿಯವರು ಮರಾಠಿ ಕೇಳಿದವರು, ಅವರಿಗೆ ಕೋಪರ ಗೊತ್ತೈತಿ. ಇದರ ಮನಿ ಬ್ಯಾರೆ. ಸಂಸ್ಕೃತದ ಕೂರ್ಪರ ಸವದು ಸವದು ಮರಾಠಿ ಕೋಪರ ಆತು. ಸಂಸ್ಕೃತದಾಗ ಇನ್ನೊಂದು ಹೆಸರು ಕಫೋಣಿ. ಅದರಿಂದ ಹಿಂದಿಯ ಕೊಹನಿ ಬಂತು. ಅಮರಕೋಶದಾಗ ಎರಡೂ ಜೋಡಿ ಹೆಸರು ಒಂದ ಕಡೆ ಅದಾವ. ಸುಶ್ರುತ ಸಂಹಿತಾದಾಗ ಮೈಯಾಗಿನ 107 ಮರ್ಮಗಳ ಲೆಕ್ಕ ಬರತೈತಿ, ಅದರಾಗ ಕೂರ್ಪರ ಒಂದು. ಅಲ್ಲಿ ಜೋರ ಪೆಟ್ಟು ಬಿದ್ರ ಜೀವ ಹೋಗೂದಿಲ್ಲ, ಕೈ ಸೊಟ್ಟ ಆಗತೈತಿ ಅಂತ ಹೇಳ್ಯಾರ. ಮೊಳಕಾಲಿನ ಮರ್ಮಕ್ಕ ಪೆಟ್ಟು ಬಿದ್ರ ಕುಂಟು. ನಮ್ಮವ್ವ "ಹುಡುಗರಿಗೆ ಎಲ್ಲಿ ಬೇಕಾದ್ರೂ ಹೊಡಿ, ಗಂಟಿಗೆ ಹೊಡೀಬ್ಯಾಡ" ಅಂತಿದ್ಲು. ಅಕಿ ಸುಶ್ರುತನ ಹೆಸರು ಕೇಳಿದಾಕಿ ಅಲ್ಲ. (ಹೊಡಿಯೂದ ಬ್ಯಾಡ ಅಂತ ಈಗಿನವರು ಅಂತೀರಿ, ಅದೂ ಖರೆ.)

ಬಾಗಲ ಚೌಕಟ್ಟಿಗೆ ಮೊಳಕೈ ತಾಗಿ ಝುಂ ಅಂದು ಕಿರುಬೆರಳು, ಉಂಗುರಬೆರಳು ಮಟ ಹರೀತೈತಲ್ಲ, ಅದು ಎಲುಬಿನ ನೋವು ಅಲ್ಲ. ಎಲುಬಿನ ಹಿಂದ ಚರ್ಮದ ಕೆಳಗೇ ಒಂದು ನರ ಹಾದು ಹೋಗತೈತಿ, ಅದಕ್ಕ ಪೆಟ್ಟು ಬಿದ್ದಾಗ ಹಂಗಾಗತೈತಿ. ಆ ನರಕ್ಕೂ, ಮುಂಗೈಯಾಗಿನ ಒಂದು ಎಲುಬಿಗೂ ಡಾಕ್ಟರ್ ಮಂದಿ ಅಲ್ನಾ ಅನ್ನೂ ಹೆಸರು ಇಟ್ಟಾರ. ಲ್ಯಾಟಿನ್ನಿನಾಗ ಅಲ್ನಾ ಅಂದ್ರ ಮೊಳಕೈ, ಮುಂಗೈ, ಮೊಳಾನೂ ಅದ! ಇಂಗ್ಲಿಷಿನ ಎಲ್ಬೋನೂ ಹಂಗ. ಹಳೇ ಇಂಗ್ಲಿಷಿನಾಗ ಅದು ಎಲ್ನ್‌ಬೋಗ. ಎಲ್ನ್ ಅಂದ್ರ ಮುಂಗೈ, ಮೊಳ. ಬೋಗ ಅಂದ್ರ ಬಾಗಿದ್ದು, ಬಿಲ್ಲು. ಮೊಳ ಬಾಗೋ ಜಾಗಾ ಎಲ್ಬೋ. ಸಮುದ್ರದಾಚೆ ಮಂದಿಗೂ ಆ ಕೀಲು ನೋಡಿದ ಕೂಡ್ಲೆ ಅಳತಿನ ನೆನಪಾಗೇತಿ ನೋಡ್ರಿ. ಅರಿವಿ ಅಳಿಯೂ "ಎಲ್" ಅನ್ನೂ ಅಳತಿ ಅವರ ಕಡೆ ನೂರಾರು ವರ್ಷ ನಡದಿತ್ತು. ಆದ್ರ ಬೆಳಕೋತ ಬೆಳಕೋತ ಇಂಗ್ಲೆಂಡಿನಾಗ ಒಂದು ಎಲ್ ಅಂದ್ರ 45 ಇಂಚು ಆತು, ಸ್ಕಾಟ್ಲೆಂಡಿನಾಗ 37. ಮೊಳಕೈಯ ಹೆಸರಿನ ಅಳತಿ ಮನಶ್ಯಾನ ಮೊಳಕೈ ದಾಟಿ ಎಲ್ಲೋ ಹೋತು.

ಈಜಿಪ್ಟಿನ ಪಿರಮಿಡ್ ಕಟ್ಟಿದವರ ಅಳತಿನೂ ಮೊಳನ. ಅವರ ರಾಜಮೊಳ ಸುಮಾರು 52 ಸೆಂ.ಮೀ., 28 ಬೆರಳು. ದೊಡ್ಡ ಪಿರಮಿಡ್ಡಿನ ಒಂದು ಮಗ್ಗಲು 440 ರಾಜಮೊಳ. ಅವರ ಚಿತ್ರಲಿಪಿಯಾಗ ಮೊಳ ಅಂತ ಬರಿಯಾಕ ಒಂದು ಮುಂಗೈ ಚಿತ್ರ ತಗೀತಿದ್ರು, ಓದಾಕ ಬರದವರಿಗೂ ತಿಳಿಯೂವಂಗ. ಬೈಬಲ್ಲನ್ನ ಕನ್ನಡಕ್ಕ ತಂದವರೂ ನೋಹನ ನಾವಿಯ ಅಳತಿಗೆ ನಮ್ಮ ಶಬ್ದಾನ ಹಾಕ್ಯಾರ: 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ.

ಇಷ್ಟೆಲ್ಲಾ ಆದಮ್ಯಾಲೆ ನಂಗ ಕಾಡಿದ ಪ್ರಶ್ನೆ ಒಂದ. ಮೊಳ ಖರೆ, ಯಾರ ಮೊಳ?

ನಮ್ಮನಿಯಾಗ ಟೇಪು ಹಿಡದು ಅಳದು ನೋಡಿದೆ. ನಂದು 43 ಸೆಂ.ಮೀ., ನಮ್ಮನಿಯವರದು 47. ಸಂತ್ಯಾಗ ಅವರು ಅಳದ್ರ ಒಂದು ಮೊಳ, ನಾ ಅಳದ್ರ ಮತ್ತೊಂದು. ಸಣ್ಣ ಕೈಯಾಕಿ ಮಾರಾಕ ಕುಂತ್ರ ಅಕಿಗೆ ಲಾಭ, ಕೊಳ್ಳಾಕ ಬಂದ್ರ ಲುಕ್ಸಾನು. ಇದು ರಾಜರಿಗೂ ತಿಳಿದಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಾಗ (ಈ ಗ್ರಂಥದ ತಾಳೆಗರಿ 1905ರಾಗ ನಮ್ಮ ಮೈಸೂರಿನಾಗ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ತು, 1909ರಾಗ ಅಚ್ಚಾತು) ಅಳತಿಗೆ ಒಂದು ಅಧ್ಯಾಯನ ಐತಿ. 8 ಜವೆಗೋಧಿ ಕಾಳಿನಷ್ಟು ಒಂದು ಅಂಗುಲ, 12 ಅಂಗುಲ ಒಂದು ಗೇಣು, 24 ಅಂಗುಲ ಒಂದು ಮೊಳ. ಜವೆಗೋಧಿ ಲೆಕ್ಕ ಬ್ಯಾಡಂದ್ರ ಅಂಗುಲಕ್ಕ ಇನ್ನೊಂದು ದಾರಿ ಹೇಳ್ಯಾರ: ಮಧ್ಯಮ ಗಾತ್ರದ ಪುರುಷನ ನಡುಬೆರಳಿನ ನಡುವಿನ ದಪ್ಪ. ಪುರುಷಂದ! ಮಧ್ಯಮ ಗಾತ್ರದ ಹೆಂಗಸು ಅಂತ ಎಲ್ಲೂ ಇಲ್ಲ. ನೂಲು ತಗಿಯಾಕ ಹೆಂಗಸರನ್ನ ಹಚ್ಚಬೇಕು, ನೂಲು ನೋಡಿ ಕೂಲಿ ಕೊಡಬೇಕು ಅಂತ ಅದ ಗ್ರಂಥದಾಗ ಬರದೈತಿ. ನೂಲಿಗೆ ನಾವು, ಅಳತಿಗೆ ಅವರು.

ಅಷ್ಟಕ್ಕ ಮುಗೀಲಿಲ್ಲ. ಅದರಾಗ ಬಡಿಗ್ಯಾರ ಮೊಳ ಬ್ಯಾರೆ, 42 ಅಂಗುಲ. ಅಡವಿಯ ಕಟಿಗಿ ಅಳಿಯೂ ಮೊಳ 54 ಅಂಗುಲ. ಹೆಸರು ಒಂದ, ಉದ್ದ ಹತ್ತು ನಮೂನಿ. ನಮ್ಮ ನಾಡಿನಾಗೂ ಹೊಲಾ ಅಳಿಯೂ ಕೋಲು ಊರಿಗೊಂದು ಇರತಿತ್ತು. ಬಳ್ಳಿಗಾವಿಯ ಶಾಸನದಾಗ ಭೇರುಂಡಗಳೆ ಅನ್ನೂ ಕೋಲಿನ ಹೆಸರು ಬರತೈತಿ, ಗಂಡಭೇರುಂಡದ ಹೆಸರಿನ ಕೋಲು. ಯಾವ ಕೋಲಿಲೆ ಅಳದ್ರು ಅಂತ ಕಲ್ಲಿನಾಗ ಕೊರದು ಇಡದಿದ್ರ ನಾಳೆ ಜಗಳ ಅನ್ನೂದು ಅವರಿಗೆ ಗೊತ್ತಿತ್ತು.

ಆದ್ರ ವೈದ್ಯದ ಪುಸ್ತಕದವರು ಬ್ಯಾರೆ ನಮೂನಿ ವಿಚಾರ ಮಾಡ್ಯಾರ, ಅದು ನಂಗ ಭಾಳ ಸೇರಿತು. ಚರಕ ಸಂಹಿತಾದಾಗ ಮೈ ಅಳತಿ ಹೇಳುವಾಗ ಅವರವರ ಬೆರಳಿಂದಲೇ ಅಳೀಬೇಕು ಅಂದಾರ. ಹಂಗ ಅಳದ್ರ ಮನಶ್ಯಾನ ಎತ್ತರ 84 ಬೆರಳು. 24 ಬೆರಳಿಗೆ ಒಂದು ಮೊಳ ಹಿಡದ್ರ ಎಷ್ಟಾತು? ಮೂರೂವರಿ ಮೊಳ. ಹಿರ್ಯಾರು ಯಾರರ ಭಾಳ ಮೆರದಾಡಿದ್ರ "ಮೂರೂವರಿ ಮೊಳದ ದೇಹಕ್ಕ ಎಷ್ಟ ಹಾರಾಟ" ಅಂತಾರಲ್ಲ, ಮರಾಠಿಯವರು "ಸಾಡೇತೀನ ಹಾತ" ಅಂತಾರಲ್ಲ, ಆ ಮೂರೂವರಿ ಇದ. ನಾ ನನ್ನ ಕೈಲೆ ಲೆಕ್ಕ ಹಾಕಿದೆ. ನನ್ನ ಎತ್ತರ 153 ಸೆಂ.ಮೀ., 43ರಿಂದ ಭಾಗಿಸಿದ್ರ ಮೂರೂವರಿಗೆ ಬೆರಳೆರಡು ಹೆಚ್ಚು. ಗಿಡ್ಡಾಕಿಗೂ ಮೂರೂವರಿ, ಎತ್ತರದಾಕಿಗೂ ಮೂರೂವರಿ. ಅವರವರ ಮೊಳಕೈ ಅವರವರ ಮೈಗೆ ತಕ್ಕಂಗ. ಮೈ ಅಳಿಯಾಕ ಅವರವರ ಮೊಳ, ವ್ಯಾಪಾರಕ್ಕ ಎಲ್ಲರಿಗೂ ಒಂದ ಮೊಳ. ಎರಡೂ ಬೇಕು. ಅದಲುಬದಲು ಆದಾಗ ಜಗಳ.

ವ್ಯಾಪಾರದ ಮೊಳ ಬ್ರಿಟಿಷರ ಕಾಲಕ್ಕ ಗಜದಾಗ ಸೇರಿಕೊಂಡು ನಿಂತಿತು. ಎರಡು ಗೇಣಿಗೆ ಒಂದು ಮೊಳ, ಎರಡು ಮೊಳಕ್ಕ ಒಂದು ಗಜ, ನಾಕು ಮೊಳಕ್ಕ ಒಂದು ಮಾರು. ಗಜ 36 ಇಂಚು ಆದಮ್ಯಾಲೆ ಮೊಳ 18 ಇಂಚು, ನಮ್ಮ ಈಗಿನ ಲೆಕ್ಕದಾಗ 45.7 ಸೆಂ.ಮೀ. ನಮ್ಮ ಅಜ್ಜಿ ಉಡತಿದ್ದ ಇಳಕಲ್ ಸೀರಿಗೆ ಹದಿನೆಂಟು ಮೊಳದ ಸೀರಿ ಅಂತಿದ್ರು. ಅದನ್ನ ನಾವು ಒಂಬತ್ತು ವಾರದ್ದು ಅಂತೀವಿ. ಎರಡೂ ಒಂದ. ಕಚ್ಚಿ ಹಾಕಿ ಉಡೂ ಸೀರಿ ಅದು. ಈಗ ಐದೂವರಿ ಮೀಟರ್ ಆತು, ಹನ್ನೆರಡು ಮೊಳಕ್ಕ ಬಂದು ನಿಂತೀವಿ. ದೇಶಕ್ಕೆಲ್ಲಾ ಮೀಟರ್ ಬರಬೇಕಂತ ಕಾನೂನು ಆದದ್ದು 1956ರಾಗ. ನನ್ನ ಅತ್ತಿಯವರು ಎಷ್ಟೋ ವರ್ಷದ ಮ್ಯಾಲೂ ಮೀಟರ್ ಅಂದ್ರ ಎರಡು ಮೊಳ ಮತ್ತ ನಾಕು ಬೆರಳು ಅಂತ ಮನಸಿನಾಗ ತಿರುವಿ ಹಾಕಿಕೊಂಡ ಅರಿವಿ ಕೊಳ್ಳತಿದ್ರು. 100 ಸೆಂ.ಮೀ.ದಾಗ 91 ಕಳದ್ರ ಉಳಿಯೂದು 9, ನಾಕು ಬೆರಳಿಗೆ ಒಂದೀಟು ಹೆಚ್ಚು. ಅವರು ಸಾಲಿಗೆ ಹೋದವರಲ್ಲ. ಅಂಗಡಿಯವನ ಕೋಲು ಒಂದು ಬೆರಳು ಸರದ್ರೂ ಹಿಡೀತಿದ್ರು.

2009ರ ಅಳತಿ ಕಾನೂನು 2011ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಮೀಟರ್, ಕಿಲೋ, ಲೀಟರ್ ಬಿಟ್ಟು ಬ್ಯಾರೆ ಅಳತಿ ಹೇಳಿ ಮಾರಬಾರದು. ಅಂದ್ರ "ಮೊಳಕ್ಕ ಇಷ್ಟು" ಅಂತ ಹೂವು ಮಾರೂದು ಕಾನೂನಿನಾಗ ಇಲ್ಲ. ಸಂತ್ಯಾಗ ಐತಿ.

ಹೂವಿನ ಮೊಳದ ಗುಟ್ಟು ನಿಮಗೂ ಗೊತ್ತೈತಿ. ಅಕಿ ಮೊಳಕೈಯಿಂದ ಸುರು ಮಾಡಿ ಮಾಲಿ ಜಗ್ಗತಾಳ, ಕೊನಿಗೆ ಬೆರಳು ಚಾಚೂದಿಲ್ಲ, ಮುಷ್ಟಿ ಹಿಡದು ಅಲ್ಲೇ ಕತ್ತರಸ್ತಾಳ. ಇದೇನು ಇವತ್ತಿನ ಮೋಸ ಅಂತ ತಿಳೀಬ್ಯಾಡ್ರಿ. ಅಮರಕೋಶದಾಗ ಇದಕ್ಕೂ ಹೆಸರು ಐತಿ! ಬೆರಳು ಪೂರಾ ಚಾಚಿದ ಮೊಳ ಹಸ್ತ. ಮುಷ್ಟಿ ಹಿಡದದ್ದು ರತ್ನಿ. ಮುಷ್ಟಿ ಹಿಡದು ಕಿರುಬೆರಳಷ್ಟ ಚಾಚಿದ್ರ ಅರತ್ನಿ. ಅಂದ್ರ ಸಾವಿರ ವರ್ಷದ ಹಿಂದಿನ ಮಂದಿನೂ ಮುಷ್ಟಿ ನೋಡಿದವರ, ನೋಡಿ ಸಿಟ್ಟಾಗದ ಹೆಸರು ಕೊಟ್ಟಾರ. ನನ್ನ ಕೈಲೆ ಮುಷ್ಟಿ ಹಿಡದು ಅಳದೆ: ಮೂವತ್ನಾಕೂವರಿ ಸೆಂ.ಮೀ. ಮೊಳಕ್ಕ ಎಂಟೂವರಿ ಕಡಿಮಿ. ಐದು ಮೊಳ ತಗೊಂಡ್ರ ಒಂದು ಮೊಳ ಹೋತು.

ನಾ ಮಾತ್ರ ಹೂವಿನಾಕಿ ಕಡೆ. ಹಬ್ಬದ ದಿನ ಮಾರ್ಕೆಟ್ಟಿನಾಗ ಮೊಗ್ಗಿನ ರೇಟು ಎರಡರಷ್ಟು ಆಗಿರತೈತಿ. ಅಕಿ ಮೊಳಕ್ಕ ಎರಡರಷ್ಟು ಹೇಳಿದ್ರ ನಾವು ಮಾರಿ ತಿರುವಿ ಹೋಗತೀವಿ. ಅದಕ್ಕ ಅಕಿ ರೊಕ್ಕ ಸ್ವಲ್ಪ ಏರಸ್ತಾಳ, ಮೊಳ ಸ್ವಲ್ಪ ಇಳಸ್ತಾಳ. ಮ್ಯಾಲೆ ಕೊಸರು ಅಂತ ನಾಕು ಮೊಗ್ಗು ಇಡತಾಳ. ಆ ಕೊಸರು ಮೀಟರಿನಾಗ ಬರೂದಿಲ್ಲ. ಉಡುಪಿ ಕಡಿಯವರು ಇದಕ್ಕ ಚೊಲೋ ದಾರಿ ಮಾಡಿಕೊಂಡಾರ. ಉಡುಪಿ ಮಲ್ಲಿಗಿ ಎಣಿಸಿ ಕಟ್ಟತಾರ, 800 ಹೂವಿಗೆ ಒಂದು ಚೆಂಡು, ನಾಕು ಚೆಂಡಿಗೆ ಒಂದು ಅಟ್ಟಿ. ಅಲ್ಲಿ ಯಾರ ಮೊಳಕೈನೂ ನಡುವ ಬರೂದಿಲ್ಲ. ಎಣಿಸೂ ಕೈ ಮಾತ್ರ ಅಲ್ಲಿನೂ ಹೆಣ್ಣಮಕ್ಕಳದ್ದ.

ಮಾತಿನಾಗ ಮೊಳಕೈ ಬರೂದೂ ಹೆಚ್ಚಾಗಿ ಕೊಡೂ ತಗೊಳ್ಳೂ ಸಂಬಂಧಕ್ಕ. ಯಾರರ ಬರೀ ಆಸೆ ಹಚ್ಚಿ ಏನೂ ಕೊಡದಿದ್ರ "ಮೊಳಕೈಗೆ ಬೆಲ್ಲ ಹಚ್ಚಿದ" ಅಂತೀವಿ. ಬೆಲ್ಲ ಕಾಣಸ್ತೈತಿ, ನಾಲಿಗಿ ಮುಟ್ಟೂದಿಲ್ಲ. ಈಗ ಓದುವಾಗ ಒಮ್ಮೆ ನಾಲಿಗಿ ಚಾಚಿ ನೋಡಿದ್ರಿ ಹೌದಲ್ಲೋ? ತೆಲುಗಿನವರು ಇನ್ನೊಬ್ಬರ ಆಸರಿಗೆ ಬಿದ್ದವರಿಗೆ "ಅವರ ಮೊಳಕೈ ನೀರು ಕುಡಿಯೂದು" ಅಂತಾರ; ಒಬ್ಬರು ಬೊಗಸಿಲೆ ಕುಡಿಯುವಾಗ ಮೊಳಕೈಯಿಂದ ಸೋರಿದ್ದನ್ನ ಇನ್ನೊಬ್ಬರು ಕುಡೀಬೇಕು. ಮರಾಠಿಯಾಗ ಯಾರ ಸಹವಾಸ ಬ್ಯಾಡ ಅನಸ್ತೈತೋ ಅವರಿಗೆ ಕೋಪರದಿಂದ ನಮಸ್ಕಾರ. ಮೆತ್ತಗೈತಿ ಅಂತ ಕೋಪರಲೆ ಅಗೀಬ್ಯಾಡ ಅಂತನೂ ಒಂದು ಗಾದಿ ಐತಿ ಅವರಲ್ಲಿ. ಮೆತ್ತಗಿರೂ ಸೊಸಿದೇರಿಗೆ ಈ ಗಾದಿ ಯಾರರ ಕಲಿಸಿದ್ರ ಚೊಲೋ ಇತ್ತು.

ನಾ ಇದನ್ನೆಲ್ಲಾ ಹುಡುಕಾಕ ಹತ್ತಿದ್ದು ಯಾಕ ಅಂದ್ರ ನನ್ನ ಬಲಗೈ ಮೊಳಕೈ ಮೂರು ತಿಂಗಳಿಂದ ನೋಯಾಕ ಹತ್ತೇತಿ. ಹೊರಮಗ್ಗಲ ಗಂಟು. ತಂಬಿಗಿ ಎತ್ತಿದ್ರ ಚಳಕ್, ಸೀರಿ ಹಿಂಡಿದ್ರ ಚಳಕ್. ಡಾಕ್ಟರು ಒತ್ತಿ ನೋಡಿ ಚೀಟಿ ಮ್ಯಾಲೆ ಬರದ್ರು: ಟೆನ್ನಿಸ್ ಎಲ್ಬೋ. ನಾ ನಕ್ಕೆ. ಟೆನ್ನಿಸ್ಸಿನ ಬ್ಯಾಟು ನಾ ಟಿವಿಯಾಗ ಬಿಟ್ರ ಎಲ್ಲೂ ನೋಡಿಲ್ಲ.

ಮುಂಗೈಯನ್ನ ಮ್ಯಾಲಕ್ಕ ಎತ್ತೂ ಸ್ನಾಯುಗಳೆಲ್ಲಾ ಮೊಳಕೈಯ ಹೊರಗಂಟಿಗೆ ಬಂದು ಅಂಟಿಕೊಂಡಿರತಾವ. ಬಡದು, ಹಿಂಡಿ, ತಿರುವಿ ವರ್ಷಾನುಗಟ್ಟಲೆ ದುಡದ್ರ ಆ ಅಂಟಿನ ಜಾಗಾ ಹರಕೊಂಡು ನೋಯತೈತಿ. ದಿನಕ್ಕ ಇಪ್ಪತ್ತು ಜ್ವಾಳದ ರೊಟ್ಟಿ, ಮೂವತ್ತು ವರ್ಷ. ಲೆಕ್ಕ ನೀವ ಹಾಕ್ರಿ. ಈ ಬ್ಯಾನಿ ಬಗ್ಗೆ ಮೊದಲ ಬರದಾಂವ ಜರ್ಮನಿಯ ರುಂಗೆ ಅನ್ನೂ ವೈದ್ಯ, 1873ರಾಗ. ಅಂವ ಬರದದ್ದು ಬರವಣಿಗಿ ಮಾಡೂವರ ನೋವು. ಹತ್ತು ವರ್ಷದ ಮ್ಯಾಲೆ 1883ರಾಗ ಇಂಗ್ಲೆಂಡಿನ ಮೇಜರ್ ಅನ್ನೂ ವೈದ್ಯ ಲಾನ್ ಟೆನ್ನಿಸ್ ಎಲ್ಬೋ ಅಂದ. ಆಗಿನ ಸಾಹೇಬರಿಗೆ ಟೆನ್ನಿಸ್ ಹೊಸಾ ಆಟ. ಆ ಹೆಸರು ಅಂಟಿತು. ಒಳಮಗ್ಗಲು ನೋತ್ರ ಗಾಲ್ಫರ್ಸ್ ಎಲ್ಬೋ. ತುದಿಗೆ ನೀರು ತುಂಬಿ ಬಾತ್ರ ಸ್ಟೂಡೆಂಟ್ಸ್ ಎಲ್ಬೋ, ಗಣಿಯಾಗ ದುಡಿಯೂವರಿಗಾದ್ರ ಮೈನರ್ಸ್ ಎಲ್ಬೋ. ಆಡೂವರು, ಓದೂವರು, ಗಣಿ ಅಗಿಯೂವರು ಎಲ್ಲರ ಹೆಸರೂ ಮೊಳಕೈ ಮ್ಯಾಲೆ ಐತಿ. ಹೆಂಗಸರ ಹೆಸರು ಬಂದದ್ದು ಮೊಳಕಾಲಿಗೆ: ಮೊಳಕಾಲೂರಿ ನೆಲಾ ಒರಸಿ ಒರಸಿ ಬಾವು ಬಂದ್ರ ಅದಕ್ಕ ಹೌಸ್‌ಮೇಡ್ಸ್ ನೀ. ಮನಿಗೆಲಸದಾಕಿ ಮೊಳಕಾಲು!

ರೊಟ್ಟಿ ಮೊಳಕೈ ಅಂತ ಯಾರೂ ಹೆಸರು ಇಡಲಿಲ್ಲ. ನಾ ಇಟ್ಟೀನಿ. ಹೋದ ವಾರ ಡಾಕ್ಟರಿಗೂ ಹೇಳಿ ಬಂದೆ, ಚೀಟಿಯಾಗ ಬರಿಯಲಿಲ್ಲ ಖರೆ, ಆದ್ರ ನಕ್ಕು "ದಿನಾ ಎಷ್ಟು ರೊಟ್ಟಿ ಬಡಿತೀರಿ" ಅಂತ ಕೇಳಿದ್ರು. ಮೂರು ತಿಂಗಳಾಗ ಆ ಪ್ರಶ್ನೆ ಅವರು ಕೇಳಿದ್ದು ಅದ ಮೊದಲು. ಉತ್ತರ ಕೇಳಿದಮ್ಯಾಲೆ ಗುಳಿಗಿ ಕಡಿಮಿ ಮಾಡಿದ್ರು, ಆರು ವಾರ ರೊಟ್ಟಿ ಬಂದ್ ಅಂದ್ರು, ಅರಿವಿ ಹಿಂಡೂದು ಬಂದ್, ಭಾರದ ಕೊಡ ಎತ್ತೂದು ಬಂದ್. ನಿಮ್ಮೊಳಗ ಯಾರಿಗರ ಹಿಂಗ ಇದ್ರ "ಮೊಳಕೈ ನೋಯತೈತಿ" ಅಂದು ಸುಮ್ಮನಾಗಬ್ಯಾಡ್ರಿ. ಒಳಮಗ್ಗಲೋ ಹೊರಮಗ್ಗಲೋ, ಬೆರಳು ಜುಮ್ ಅಂತಾವೋ ಇಲ್ಲೋ, ದಿನಾ ಆ ಕೈಲೆ ಏನೇನು ಮಾಡತೀರಿ, ಎಲ್ಲಾ ಬಿಡಿಸಿ ಹೇಳ್ರಿ. ಅವರು ಕೇಳದಿದ್ರೂ ಹೇಳ್ರಿ.

ಈಗ ನಮ್ಮನಿಯಾಗ ರೊಟ್ಟಿ ಬಡಿಯೂದು ನಮ್ಮನಿಯವರು ಮತ್ತ ಸಣ್ಣ ಸೊಸಿ, ಪಾಳಿ ಹಚ್ಚಿಕೊಂಡು. ಮೊಣಕೈ ಅನ್ನಾಕಿ ಬಡದ ರೊಟ್ಟಿ ತೆಳ್ಳಗ ಆಗಾಕ ಹತ್ತ್ಯಾವ. ನಮ್ಮನಿಯವರ ಮೊಳ ನಂದಕ್ಕಿಂತ ನಾಕು ಸೆಂ.ಮೀ. ಉದ್ದ ಇದ್ರೂ ಅವರ ರೊಟ್ಟಿ ನನ್ನ ರೊಟ್ಟಿಗಿಂತ ಒಂದು ಬೆರಳು ಸಣ್ಣದ ಆಗತಾವ, ದಪ್ಪಾನೂ ಆಗತಾವ. ಕಾಯಿಪಲ್ಯಾ ಹೆಚ್ಚು ಹಚ್ಚಿಕೊಂಡು ತಿನ್ನಾಕ ಹತ್ತೀವಿ.